ಸೊನ್ನೆ ಬರೆಯುವ ಮುನ್ನ

ಅಮೆರಿಕದ ನೆವಾಡಾ ಮತ್ತು ಆರಿಗನ್ ರಾಜ್ಯಗಳ ಗಡಿಯಲ್ಲಿ, ಮೆಕ್‌ಡರ್ಮಿಟ್ ಊರಿನ ಪಶ್ಚಿಮಕ್ಕೆ, ಸುಮಾರು 1.6 ಕೋಟಿ ವರ್ಷಗಳ ಹಿಂದೆ ಜ್ವಾಲಾಮುಖಿ ಸಿಡಿದು ಕುಸಿದ ವಿಶಾಲ ತಗ್ಗು ಇದೆ. ಆಮೇಲೆ ಅಲ್ಲಿ ನಿಂತ ಸರೋವರದ ಜೇಡಿಮಣ್ಣಿನಲ್ಲಿ ಈಗ ಲಿಥಿಯಂ ಸಿಕ್ಕಿದೆ. ದಕ್ಷಿಣದ ಅಂಚಿನ ಥ್ಯಾಕರ್ ಪಾಸ್ ಗಣಿಗೆ 2021ರ ಜನವರಿಯಲ್ಲಿ ಒಪ್ಪಿಗೆ ಸಿಕ್ಕಿ, 2023ರಲ್ಲಿ ಕೆಲಸ ಶುರುವಾಯಿತು. ಆರಿಗನ್ ಭಾಗದಲ್ಲೂ ಅಗೆಯುವ ಪ್ರಸ್ತಾವ ಬಂದಾಗ, ಅಲ್ಲಿನ ವನ್ಯಜೀವಿ ಸಮೀಕ್ಷೆಗೆ ನಾನು ಸ್ವಯಂಸೇವಕಿಯಾಗಿ ಹೋದೆ.

ಏಪ್ರಿಲ್ ತಿಂಗಳಾದರೂ ನಸುಕಿನಲ್ಲಿ ಬೆರಳು ಮರಗಟ್ಟುವ ಚಳಿ. ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲೇ ಗಾಡಿಯನ್ನು ದೂರದಲ್ಲಿ ನಿಲ್ಲಿಸಿ, ಇಳಿಯದೆ ಒಳಗೇ ಕುಳಿತೆವು. ಸೇಜ್ ಗ್ರೌಸ್ ಎಂಬ ನೆಲಹಕ್ಕಿಯ ಗಂಡುಗಳು ವರ್ಷ ವರ್ಷವೂ ಅದೇ ಬಯಲಿಗೆ ಬಂದು ಹೆಣ್ಣುಗಳೆದುರು ಕುಣಿಯುತ್ತವೆ. ಮೊದಲು ಕೇಳಿದ್ದು ಸದ್ದು: ಬಾಟಲಿಯ ಬೂಚು ಕಿತ್ತಂತೆ ಎರಡು ಬಾರಿ, ಜೊತೆಗೆ ಗರಿ ಉಜ್ಜಿದ ಸರಸರ. ಬೆಳಕು ಹರಿದಂತೆ ಬಿಳಿಯ ಎದೆಗಳು, ಉಬ್ಬಿದ ಹಳದಿ ಗಾಳಿಚೀಲಗಳು, ಬಿಚ್ಚಿದ ಮೊನಚು ಬಾಲಗಳು ಕಂಡವು. ಎಡದಿಂದ ಬಲಕ್ಕೆ ಗಂಡುಗಳನ್ನು ಎಣಿಸಬೇಕು, ಕೆಲವು ನಿಮಿಷ ಬಿಟ್ಟು ಮತ್ತೆ ಎಣಿಸಬೇಕು, ಹೆಚ್ಚಿನ ಸಂಖ್ಯೆಯನ್ನು ದಾಖಲಿಸಬೇಕು. 1965ರಿಂದೀಚೆಗೆ ಈ ಹಕ್ಕಿಗಳಲ್ಲಿ ಶೇ 80ರಷ್ಟು ಅಳಿದಿವೆ. ಅಂಥದ್ದನ್ನು ಎಣಿಸುವಾಗ ಒಂದು ತಲೆ ತಪ್ಪಿದರೂ ಜೀವ ತಳಮಳಿಸುತ್ತದೆ.

ಅಷ್ಟರಲ್ಲಿ ದೂರದ ಮಣ್ಣುರಸ್ತೆಯಲ್ಲಿ ಲಾರಿಯೊಂದು ಹೋಯಿತು. ಕುಣಿತ ತಟ್ಟನೆ ನಿಂತಿತು. ಹಕ್ಕಿಗಳು ನೆಲಕ್ಕೆ ಅಂಟಿಕೊಂಡವು. ವಯೋಮಿಂಗ್ ರಾಜ್ಯದಲ್ಲಿ ಸಂಶೋಧಕರು ಇಂಥ ಬಯಲುಗಳಲ್ಲಿ ವಾಹನಗಳ ಸದ್ದನ್ನು ಧ್ವನಿವರ್ಧಕದಿಂದ ಕೇಳಿಸಿದಾಗ, ಬರುವ ಗಂಡುಗಳ ಸಂಖ್ಯೆ ಶೇ 73ರಷ್ಟು ಇಳಿದಿತ್ತು. ಕೊರೆಯುವ ಯಂತ್ರದ ಸದ್ದಿಗೆ ಇಳಿದದ್ದು ಶೇ 29. ಅಂದರೆ ಗಣಿಯ ಗುಂಡಿಗಿಂತ ಗಣಿಗೆ ಹೋಗುವ ದಾರಿಯೇ ಹೆಚ್ಚು ಕೆಡುಕು ಮಾಡಬಹುದು. ನಕ್ಷೆಯಲ್ಲಿ ಆ ದಾರಿ ಒಂದು ತೆಳು ಗೆರೆ ಅಷ್ಟೇ.

ಬಿಸಿಲೇರಿದ ಮೇಲೆ ಸಾಲಾಗಿ ನಡೆಯುತ್ತ ಕುಬ್ಜ ಮೊಲದ ಬಿಲಗಳನ್ನು ಹುಡುಕಿದೆವು. ಅರ್ಧ ಕಿಲೋ ಕೂಡ ತೂಗದ ಈ ಮೊಲ ಎತ್ತರದ ಸೇಜ್‌ಬ್ರಷ್ ಪೊದೆಯ ಬುಡದಲ್ಲಿ, ಮೆತ್ತನೆಯ ಮಣ್ಣಿನಲ್ಲಿ ತಾನೇ ಬಿಲ ತೋಡುತ್ತದೆ. ಸೇಜ್‌ಬ್ರಷ್ ನಮ್ಮ ದವನದ ಕುಲಕ್ಕೇ ಸೇರಿದ ಗಿಡ. ಕಾಲಿಗೆ ತಾಗಿದಲ್ಲೆಲ್ಲ ಘಾಟು ಪರಿಮಳ ಏಳುತ್ತದೆ. 2012ರ ಹಾಲೋವೇ ಬೆಂಕಿ ಇದೇ ಸೀಮೆಯಲ್ಲಿ ನಾಲ್ಕೂವರೆ ಲಕ್ಷ ಎಕರೆಗೂ ಹೆಚ್ಚು ನೆಲವನ್ನು ಸುಟ್ಟಿತ್ತು. ಸುಟ್ಟ ಸೇಜ್‌ಬ್ರಷ್ ಬುಡದಿಂದ ಚಿಗುರುವುದಿಲ್ಲ, ಬೀಜದಿಂದಲೇ ಹುಟ್ಟಿ ಬರಬೇಕು. ಆದ್ದರಿಂದ ಉಳಿದಿರುವ ಹಳೆಯ ಪೊದೆಗಳು ಬೆಲೆ ಕಟ್ಟಲಾಗದವು.

ಸಮೀಕ್ಷೆಗೆ ಗುರುತಿಸಿದ ಒಂದು ಚೌಕದಲ್ಲಿ ಹಕ್ಕಿಯೂ ಇರಲಿಲ್ಲ, ಬಿಲವೂ ಇರಲಿಲ್ಲ. 'ಸೊನ್ನೆ ಬರೆಯಿರಿ, ಮುಂದೆ ಹೋಗೋಣ' ಎಂದರು ತಂಡದ ಹಿರಿಯರು. ಪೊದೆಯ ಬುಡದಲ್ಲಿ ನನಗೆ ಒಣಗಿದ ಹಿಕ್ಕೆಯ ಗುಡ್ಡೆಗಳು ಕಂಡವು, ಒಂದಲ್ಲ, ಹತ್ತಾರು. ಹಕ್ಕಿ ರಾತ್ರಿಯಿಡೀ ಒಂದೆಡೆ ಕೂತರೆ ಮಾತ್ರ ಹಿಕ್ಕೆ ಹಾಗೆ ಗುಡ್ಡೆಯಾಗುತ್ತದೆ. ಚಳಿಗಾಲದಲ್ಲಿ ಸೇಜ್ ಗ್ರೌಸ್ ತಿನ್ನುವುದು ಬಹುತೇಕ ಸೇಜ್‌ಬ್ರಷ್ ಎಲೆಯನ್ನೇ. ಹಿಮದ ಮೇಲೆ ತಲೆಯೆತ್ತಿ ನಿಲ್ಲುವ ಇಂಥ ಪೊದೆಗಳಿಲ್ಲದಿದ್ದರೆ ಅದಕ್ಕೆ ಉಪವಾಸ. ನಾವು ವಸಂತದಲ್ಲಿ ಬಂದು ಖಾಲಿ ಎಂದು ಬರೆಯಲಿದ್ದ ಜಾಗ ಅದರ ಚಳಿಗಾಲದ ಮನೆ.

'ನಮೂನೆಯಲ್ಲಿ ಕಂಡ ಜೀವಿಗಳಿಗಷ್ಟೇ ಅಂಕಣವಿದೆ' ಎಂದರು ಅವರು. ಅದು ನಿಜ. ಆದರೆ ನಾನು ಬಳ್ಳಾರಿ ಜಿಲ್ಲೆಯವಳು, ಸಂಡೂರಿನ ಅದಿರಿನ ದೂಳು ಕಂಡು ಬೆಳೆದವಳು. ಗುಡ್ಡ ಹೋದ ಮೇಲೆ ಅಲ್ಲಿ ಏನೇನಿತ್ತು ಎಂದು ಯಾರನ್ನು ಕೇಳುವುದು? ಬ್ಯಾಟರಿಗೆ ಲಿಥಿಯಂ ಬೇಕು, ನಾನು ಅಲ್ಲಗಳೆಯುವುದಿಲ್ಲ. ಆದರೆ ಎಲ್ಲಿ ಅಗೆಯಬೇಕೆಂದು ನಿರ್ಧರಿಸುವವರ ಮೇಜಿಗೆ ಸುಳ್ಳು ಸೊನ್ನೆ ಹೋಗಬಾರದು.

ಅಂಕಣ ಖಾಲಿ ಬಿಟ್ಟು, ಷರಾದಲ್ಲಿ ಗುಡ್ಡೆಗಳ ಸಂಖ್ಯೆ, ಪೊದೆಗಳ ಎತ್ತರ, ಜಿಪಿಎಸ್ ಗುರುತು ಎಲ್ಲವನ್ನೂ ಬರೆದೆ. ಹಿರಿಯರು ಓದಿ, ಕ್ಯಾಮೆರಾ ತೆಗೆದು ತಾವೇ ಫೋಟೊ ಹಿಡಿದರು. 'ಜನವರಿಯಲ್ಲಿ ಮರುಸಮೀಕ್ಷೆ ಆಗದೆ ಈ ಚೌಕದ ವರದಿ ಪೂರ್ಣವಲ್ಲ' ಎಂಬ ಸಾಲನ್ನು ಸೇರಿಸಿ ಇಬ್ಬರೂ ಸಹಿ ಹಾಕಿದೆವು.