ಮೇಸ್ತ್ರಿ ಮುಂದೆ ಹೇಳೋದು ಹೇಗೆ?

ಇವತ್ತು 9ನೇ ತಾರೀಕು. ಪ್ರತಿ ತಿಂಗಳು ಈ ದಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ, 2016ರಿಂದಲೂ ಇದೆ. ಅತ್ತಿಗೆಯನ್ನು ಕರೆದುಕೊಂಡು ಹೋಗಿದ್ದೆ. ಪಕ್ಕದಲ್ಲಿ ಅಸ್ಸಾಮಿನ ಹುಡುಗಿಯೊಬ್ಬಳು ಕೂತಿದ್ದಳು. ಮೂಡಿಗೆರೆ ಕಡೆಯ ಕಾಫಿ ತೋಟದ ಲೈನ್ ಮನೆಯವಳು, ಅಂದರೆ ಕೂಲಿಯವರ ಸಾಲುಮನೆಯವಳು. ಏಳು ತಿಂಗಳಿರಬಹುದು. ಉಗುರಿನ ಸಂದಿಯಲ್ಲಿ ಕಾಫಿ ಹಣ್ಣಿನ ಕಪ್ಪು ಕಲೆ.

ನರ್ಸ್ ತಾಯಿ ಕಾರ್ಡ್ ಕೇಳಿದರು. ಪ್ಲಾಸ್ಟಿಕ್ ಕವರ್ ಬಿಚ್ಚಿ ಊರಿಂದ ತಂದ ಕಾರ್ಡ್ ಕೊಟ್ಟಳು. ಎಲ್ಲಾ ಅಸ್ಸಾಮಿ ಅಕ್ಷರ, ಯಾರಿಗೂ ಓದಲು ಬರಲಿಲ್ಲ. "ಮುಟ್ಟು ನಿಂತಿದ್ದು ಯಾವಾಗ? ಬಿಳಿ ಹೋಗ್ತಿದೆಯಾ?" ನರ್ಸ್ ಕೇಳಿದ್ದನ್ನು ಹಿಂದಿಯಲ್ಲಿ ಹೇಳಿದ್ದು ಜೊತೆಗೆ ಬಂದಿದ್ದ, ತೋಟದಲ್ಲಿ ಕೂಲಿಯವರನ್ನು ನೋಡಿಕೊಳ್ಳುವ ಮೇಸ್ತ್ರಿ. ಅವಳು ತಲೆ ತಗ್ಗಿಸಿ ದುಪಟ್ಟಾದ ಅಂಚು ಬೆರಳಿಗೆ ಸುತ್ತುತ್ತಾ ಕೂತಳು. ನಾವಾದರೂ ಪರಗಂಡಸಿನ ಮುಂದೆ ಇದನ್ನೆಲ್ಲ ಹೇಳ್ತೀವಾ?

ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಔಷಧಿ, ಸಿಸೇರಿಯನ್ ಎಲ್ಲಾ 2011ರಿಂದ ಉಚಿತ. ಆದರೆ ಕಿಲೋ ಲೆಕ್ಕದಲ್ಲಿ ಹಣ್ಣು ಬಿಡಿಸುವವಳು ಆಸ್ಪತ್ರೆಗೆ ಬಂದರೆ ಆ ದಿನದ ಕೂಲಿ ಇಲ್ಲ. ಹಣ್ಣು ಮುಗಿದರೆ ಇನ್ನೊಂದು ಊರು, ಅಲ್ಲಿ ಮತ್ತೆ ಮೊದಲಿಂದ.

ಕೊನೆಗೆ ಅತ್ತಿಗೆಯೇ ಎದ್ದರು. "ಅಣ್ಣಾ, ನೀವು ಸ್ವಲ್ಪ ಹೊರಗಿರಿ" ಅಂದರು. ತಮಗೆ ಬರುವ ಅರೆಬರೆ ಹಿಂದಿಯಲ್ಲೇ ಮೆಲ್ಲಗೆ ಕೇಳಿದರು. ಆಗ ಮಾತು ಬಂತು. ಒಂದು ವಾರದಿಂದ ಕಾಲು ಊದಿದೆಯಂತೆ, ರಾತ್ರಿಯಿಡೀ ತಲೆನೋವಂತೆ. ಬಿಪಿ ನೋಡಿದರೆ ತುಂಬಾ ಜಾಸ್ತಿ. ಡಾಕ್ಟರ್ ತಕ್ಷಣ ಅಡ್ಮಿಟ್ ಮಾಡಿಕೊಂಡರು.

ಅಸ್ಸಾಮಿ ಬರುವ ಹೆಣ್ಣುಮಕ್ಕಳು ಯಾರಾದರೂ ಈ ಕಡೆ ಇದ್ದರೆ ದಯವಿಟ್ಟು ತಿಳಿಸಿ. ನಾಳೆ ಬೆಳಗ್ಗೆ ಗಂಜಿ ತಗೊಂಡು ಮತ್ತೆ ಹೋಗ್ತಿದ್ದೇವೆ.