ಅರ್ಜಿಯಲ್ಲಿ ಕೊಟ್ಟ ಮಾತನ್ನು ದಿನವೂ ನಡೆಸಬೇಕು

ಜಾಲತಾಣದ ವಿಳಾಸದಲ್ಲಿ ಕೊನೆಯ ಚುಕ್ಕಿಯ ನಂತರ ಬರುವ ಭಾಗವೇ ಟಾಪ್ ಲೆವೆಲ್ ಡೊಮೇನ್. ಅದನ್ನು ನಡೆಸುವ ರಿಜಿಸ್ಟ್ರಿಯಲ್ಲಿ ನನ್ನ ಕೆಲಸ. ಹೊಸ ಡೊಮೇನ್‌ಗೆ ಅರ್ಜಿ ಹಾಕಲು ಹೊರಟವರು ಸಾಮಾನ್ಯವಾಗಿ ಕೇಳುವುದು, ಬಯಸಿದ ಹೆಸರು ಸಿಗುತ್ತದೆಯೇ ಎಂದು. ಸಿಕ್ಕ ಮೇಲೆ ನಡುರಾತ್ರಿ ಸರ್ವರ್ ಕೈಕೊಟ್ಟರೆ ಎದ್ದು ನೋಡುವವರು ಯಾರು ಎಂದು ನಾನು ಅವರನ್ನು ಕೇಳುತ್ತೇನೆ. ಇದಕ್ಕೆ ಉತ್ತರವಿಲ್ಲದವರು ಅರ್ಜಿಯನ್ನು ಇನ್ನೂ ಮುಟ್ಟಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಜಗತ್ತಿನ ಡೊಮೇನ್ ಹೆಸರುಗಳ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಗೆ 2012ರ ಸುತ್ತಿನಲ್ಲಿ 1,930 ಅರ್ಜಿಗಳು ಬಂದವು. ಅರ್ಜಿಯೊಂದಕ್ಕೆ ಶುಲ್ಕ 1,85,000 ಡಾಲರ್; 2026ರ ಸುತ್ತಿಗೆ ಅದು 2,27,000 ಡಾಲರ್. ಒಂದೇ ಹೆಸರಿಗೆ ಹಲವರು ಪಟ್ಟು ಹಿಡಿದಾಗ ವಿಷಯ ಹರಾಜಿಗೆ ಹೋಗುತ್ತದೆ. ಡಾಟ್ ವೆಬ್ 2016ರ ಹರಾಜಿನಲ್ಲಿ 13.5 ಕೋಟಿ ಡಾಲರ್ ಮುಟ್ಟಿತು. ಸುದ್ದಿಯಾಗುವುದು ಇಂಥ ಅಂಕಿಗಳೇ. ಸುದ್ದಿಯಾಗದ ಅಂಕಿಗಳು ಐಕ್ಯಾನ್ ಜೊತೆ ರಿಜಿಸ್ಟ್ರಿ ಮಾಡಿಕೊಳ್ಳುವ ಒಪ್ಪಂದದ ಒಳಗಿವೆ. 2012ರ ಸುತ್ತಿನ ಒಪ್ಪಂದದಂತೆ, ಡೊಮೇನಿನ ಅಡಿಯಲ್ಲಿ ಒಂದೇ ಒಂದು ಹೆಸರು ನೋಂದಣಿಯಾಗದಿದ್ದರೂ 2024ರವರೆಗೆ ಐಕ್ಯಾನ್‌ಗೆ ವರ್ಷಕ್ಕೆ 25,000 ಡಾಲರ್ ಕಟ್ಟಬೇಕಿತ್ತು. ನೋಂದಣಿ ವ್ಯವಸ್ಥೆ ತಿಂಗಳಲ್ಲಿ 864 ನಿಮಿಷಗಳಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಹೆಸರನ್ನು ಕೇಳಿದವರಿಗೆ ಅದರ ಸರ್ವರ್ ಎಲ್ಲಿದೆ ಎಂದು ತಿಳಿಸುವ ಡಿಎನ್‌ಎಸ್ ಸೇವೆಯಂತೂ ಒಂದು ನಿಮಿಷವೂ ನಿಲ್ಲುವಂತಿಲ್ಲ. ಒಂದು ವಾರದಲ್ಲಿ ಅದು ಒಟ್ಟು ನಾಲ್ಕು ಗಂಟೆ ನಿಂತಿತೆಂದರೆ, ಡೊಮೇನನ್ನು ನಿಮ್ಮ ಕೈಯಿಂದ ತೆಗೆದು ತುರ್ತು ನಿರ್ವಾಹಕರಿಗೆ ಒಪ್ಪಿಸುವ ಅಧಿಕಾರ ಐಕ್ಯಾನ್‌ಗೆ ಇದೆ. ಇದು ಬರೀ ಬೆದರಿಕೆಯಲ್ಲ. 2017ರ ಡಿಸೆಂಬರ್‌ನಲ್ಲಿ ಡಾಟ್ ವೆಡ್ ತುರ್ತು ನಿರ್ವಾಹಕರ ಕೈ ಸೇರಿತು.

ಅರ್ಜಿಯನ್ನು ಬರೆಯುವವರು ಬಹುಮಟ್ಟಿಗೆ ವಕೀಲರು ಮತ್ತು ಮಾರಾಟ ವಿಭಾಗದವರು. ತಾಂತ್ರಿಕ ಪ್ರಶ್ನೆಗಳಿಗೆ ಸೇವೆ ಒದಗಿಸುವ ಕಂಪನಿ ಸಿದ್ಧ ಉತ್ತರಗಳನ್ನು ಕೊಟ್ಟುಬಿಡುತ್ತದೆ. ನಾಳೆ ಡೊಮೇನನ್ನು ನಡೆಸಬೇಕಾದವರು ಆ ಕೋಣೆಯಲ್ಲಿ ಇರುವುದೇ ಇಲ್ಲ. ನೋಂದಣಿದಾರರೆಲ್ಲರ, ಅಂದರೆ ಹೆಸರು ಪಡೆಯುವವರೆಲ್ಲರ, ವೃತ್ತಿಯ ದಾಖಲೆಯನ್ನು ಪರಿಶೀಲಿಸುತ್ತೇವೆ ಎಂಬ ಒಂದು ಸಾಲು ಕಾಗದದ ಮೇಲೆ ಬಹಳ ಚೆನ್ನಾಗಿ ಕಾಣುತ್ತದೆ. ಅದು ಸಾರ್ವಜನಿಕ ಹಿತದ ಬದ್ಧತೆಯಾಗಿ ಒಪ್ಪಂದಕ್ಕೆ ಸೇರಿದ ಮೇಲೆ, ಪರಿಶೀಲಿಸಲು ಸಿಬ್ಬಂದಿ ಬೇಕು, ತಿರಸ್ಕೃತರಾದವರ ಮೇಲ್ಮನವಿಗೆ ವ್ಯವಸ್ಥೆ ಬೇಕು, ದಾಖಲೆಯ ಅವಧಿ ಮುಗಿದವರನ್ನು ಮತ್ತೆ ಕೇಳಬೇಕು. ಮಾತು ತಪ್ಪಿದಿರಿ ಎಂದು ಯಾರಾದರೂ ದೂರು ಕೊಟ್ಟರೆ ಉತ್ತರಿಸಬೇಕು. ಆದ್ದರಿಂದ ಅರ್ಜಿಯ ಪ್ರತಿ ಸಾಲನ್ನೂ ಅದನ್ನು ನಡೆಸುವವರ ಮುಂದೆ ಓದಿಸಿ, ಇದನ್ನು ಯಾರು, ಯಾವ ಹಣದಲ್ಲಿ ಮಾಡುತ್ತಾರೆ ಎಂದು ಅಂಚಿನಲ್ಲಿ ಬರೆಸುವುದು ನನ್ನ ಪದ್ಧತಿ.

ದಿನನಿತ್ಯದ ಕೆಲಸದಲ್ಲಿ ನನಗೆ ಅತ್ಯಂತ ಗೌರವವಿರುವುದು ಎಸ್ಕ್ರೋ ಠೇವಣಿಯ ಬಗ್ಗೆ, ಅಂದರೆ ನೋಂದಣಿಯ ದತ್ತಾಂಶದ ಪ್ರತಿಯನ್ನು ಹೊರಗಿನವರ ಬಳಿ ಇಡುವುದರ ಬಗ್ಗೆ. ಪ್ರತಿ ಭಾನುವಾರ ನೋಂದಣಿಯ ಇಡೀ ದತ್ತಾಂಶ, ಉಳಿದ ಆರು ದಿನ ಬದಲಾವಣೆಗಳು ಮಾತ್ರ. ಕಡತವನ್ನು ಗೂಢಲಿಪಿಗೆ ಹಾಕಿ, ಡಿಜಿಟಲ್ ಸಹಿ ಮಾಡಿ, ಸ್ವತಂತ್ರ ಸಂಸ್ಥೆಯೊಂದಕ್ಕೆ ಕಳುಹಿಸಬೇಕು. ಅದು ತೆರೆದು ಪರೀಕ್ಷಿಸಿ ಐಕ್ಯಾನ್‌ಗೆ ವರದಿ ಮಾಡುತ್ತದೆ. ಬೆಳಿಗ್ಗೆ ನಾನು ಮೊದಲು ನೋಡುವುದು ಆ ವರದಿಯನ್ನು. ಕಡತ ಹೋಯಿತು ಎಂಬ ನಮ್ಮ ಕಡೆಯ ದಾಖಲೆಯೊಂದೇ ಸಾಲದು. ಅದರೊಳಗಿನ ಹೆಸರುಗಳ ಸಂಖ್ಯೆ ನಮ್ಮ ಡೇಟಾಬೇಸಿನ ಸಂಖ್ಯೆಯೊಂದಿಗೆ ತಾಳೆಯಾಗಬೇಕು. ನಾವು ಮುಳುಗಿದರೂ ನಮ್ಮನ್ನು ನಂಬಿ ಹೆಸರು ಪಡೆದವರು ಮುಳುಗದಂತೆ ಕಾಯುವುದು ಈ ಕಡತವೇ.

ಡಿಎನ್‌ಎಸ್ ಉತ್ತರಗಳು ನಕಲಿಯಲ್ಲವೆಂದು ಡಿಜಿಟಲ್ ಸಹಿಯಿಂದ ತೋರಿಸುವ ಡಿಎನ್‌ಎಸ್‌ಸೆಕ್ ಇನ್ನೊಂದು ಕಟ್ಟುನಿಟ್ಟಿನ ಕೆಲಸ. ವಲಯದಲ್ಲಿರುವ, ಅಂದರೆ ನಮ್ಮ ಡೊಮೇನಿನ ಹೆಸರುಗಳ ಡಿಎನ್‌ಎಸ್ ಪಟ್ಟಿಯಲ್ಲಿರುವ, ಪ್ರತಿಯೊಂದು ಸಹಿಗೂ ಮುಕ್ತಾಯದ ಸಮಯವಿದೆ. ಹೊಸ ಸಹಿ ಬೀಳದೆ ಆ ಸಮಯ ಮೀರಿದರೆ ನೇಮ್ ಸರ್ವರ್‌ಗಳು ಸರಿಯಾಗಿ ಉತ್ತರಿಸುತ್ತಲೇ ಇದ್ದರೂ, ಬಳಕೆದಾರರ ಪರವಾಗಿ ವಿಳಾಸ ಹುಡುಕುತ್ತಾ ಸಹಿಯನ್ನು ಪರೀಕ್ಷಿಸುವ ರಿಸಾಲ್ವರ್‌ಗಳು ಆ ಉತ್ತರವನ್ನು ತಳ್ಳಿಹಾಕುತ್ತವೆ. ಅವುಗಳ ಬಳಕೆದಾರರ ಪಾಲಿಗೆ ನಮ್ಮ ಡೊಮೇನಿನ ಹೆಸರುಗಳೆಲ್ಲ ಒಟ್ಟಿಗೆ ಮಾಯವಾಗುತ್ತವೆ. ಹಾಗಾಗಿ ಸರ್ವರ್ ಉತ್ತರಿಸುತ್ತಿದೆಯೇ ಎಂದು ನೋಡಿದರೆ ಮುಗಿಯಲಿಲ್ಲ. ಸಹಿಗೆ ಇನ್ನೆಷ್ಟು ಆಯುಷ್ಯವಿದೆ ಎಂಬುದನ್ನು ಹೊರಗಿನ ಜಾಲದಿಂದ ಅಳೆಯಬೇಕು.

ದುರ್ಬಳಕೆಯ ದೂರುಗಳಲ್ಲಿ ಮಾತ್ರ ಯಂತ್ರ ನಮಗೆ ತೀರ್ಮಾನ ಮಾಡಿಕೊಡುವುದಿಲ್ಲ. ಫಿಶಿಂಗ್, ಮಾಲ್‌ವೇರ್‌ನಂಥವುಗಳ ಬಗ್ಗೆ ಸಾಕ್ಷ್ಯ ಸಿಕ್ಕಿದರೆ ಕ್ರಮ ಕೈಗೊಳ್ಳಲೇಬೇಕೆಂದು 2024ರ ಏಪ್ರಿಲ್‌ನಿಂದ ಒಪ್ಪಂದವೇ ಹೇಳುತ್ತದೆ. ಬ್ಯಾಂಕಿನ ಲಾಗಿನ್ ಪುಟವನ್ನು ಹೋಲುವ ಪುಟವೊಂದರ ದೂರು ಬಂತು ಎಂದಿಟ್ಟುಕೊಳ್ಳಿ. ನಿನ್ನೆ ನೋಂದಣಿಯಾದ ಹೆಸರು, ಅದರಲ್ಲಿ ಬೇರೇನೂ ಇಲ್ಲ, ಹೆಸರೇ ಬ್ಯಾಂಕಿನದನ್ನು ಹೋಲುತ್ತದೆ ಎಂದಾದರೆ ತೀರ್ಮಾನ ಸುಲಭ. ಅದೇ ಪುಟ ಹತ್ತು ವರ್ಷದಿಂದ ನಡೆಯುತ್ತಿರುವ ಚಿಕ್ಕ ಸಂಸ್ಥೆಯೊಂದರ ತಾಣದ ಒಳಗಿನ ಕಡತಕೋಶದಲ್ಲಿ ಅಡಗಿದ್ದರೆ, ಆ ಸಂಸ್ಥೆಯೂ ಕಳ್ಳರ ಕೈಗೆ ಸಿಕ್ಕಿದೆ ಎಂದೇ ಅರ್ಥ. ರಿಜಿಸ್ಟ್ರಿಗೆ ಒಂದು ಪುಟವನ್ನು ಅಳಿಸುವ ಶಕ್ತಿಯಿಲ್ಲ. ನಾವು ಹೆಸರನ್ನು ತಡೆಹಿಡಿದರೆ ಅದು ವಲಯದಿಂದಲೇ ಹೊರಬೀಳುತ್ತದೆ. ತಾಣದೊಂದಿಗೆ ಆ ಸಂಸ್ಥೆಯ ಇಮೇಲ್ ಕೂಡ ನಿಂತುಹೋಗುತ್ತದೆ. ಅಲ್ಲಿ ನಾವು ಸಾಕ್ಷ್ಯವನ್ನು ಜೋಡಿಸಿ, ಹೆಸರನ್ನು ಮಾರಿದ ರಿಜಿಸ್ಟ್ರಾರ್‌ಗೂ ತಾಣವನ್ನು ಇಟ್ಟುಕೊಂಡಿರುವ ಹೋಸ್ಟಿಂಗ್ ಕಂಪನಿಗೂ ತಕ್ಷಣ ತಿಳಿಸಿ, ಪುಟ ಹೋಗುವವರೆಗೆ ಬೆನ್ನುಬಿಡುವುದಿಲ್ಲ. ಇಂಥ ತೀರ್ಮಾನಕ್ಕೆ ಅನುಭವಸ್ಥರು ಬೇಕು, ಅವರಿಗೆ ಸಂಬಳ ಕೊಡಬೇಕು. ಹೆಸರನ್ನು ಚಿಲ್ಲರೆ ಬೆಲೆಗೆ ಮಾರಿ ಸಂಖ್ಯೆ ಹೆಚ್ಚಿಸಿಕೊಳ್ಳುವ ಯೋಜನೆಯಲ್ಲಿ ಈ ಖರ್ಚಿಗೆ ಜಾಗವೇ ಇಲ್ಲದ್ದನ್ನು ಕಂಡಾಗ ನನಗೆ ಕಳವಳವಾಗುತ್ತದೆ. ಒಗೆದು ಹಾಕುವ ಹೆಸರುಗಳನ್ನು ರಾಶಿಗಟ್ಟಲೆ ಕೊಳ್ಳುವವರಿಗೆ ಬೇಕಾಗಿರುವುದೂ ಅಗ್ಗದ ಬೆಲೆಯೇ.

ಆದಾಯದ ಅಂದಾಜನ್ನು ತಗ್ಗಿಸಬೇಕಾದ ಇನ್ನೊಂದು ಕಾರಣವೂ ಇದೆ. ಮೂರಕ್ಷರಕ್ಕಿಂತ ಉದ್ದದ ಅಥವಾ ಬೇರೆ ಲಿಪಿಯ ಡೊಮೇನನ್ನು ತಪ್ಪು ವಿಳಾಸವೆಂದು ತಿರಸ್ಕರಿಸುವ ಫಾರ್ಮ್‌ಗಳು ಜಾಲದಲ್ಲಿ ಇಂದಿಗೂ ಸಿಗುತ್ತವೆ. ತನ್ನ ಇಮೇಲ್ ವಿಳಾಸವನ್ನು ತಾಣವೊಂದು ಒಪ್ಪಲಿಲ್ಲ ಎಂದಾದರೆ ಗ್ರಾಹಕ ಮುಂದಿನ ವರ್ಷ ನವೀಕರಿಸುವುದಿಲ್ಲ.

ತಾಂತ್ರಿಕ ಸೇವೆಯನ್ನು ಬೇರೆ ಕಂಪನಿಗೆ ವಹಿಸುವವರು ಬೆಲೆಗಿಂತ ಮೊದಲು ಬಿಟ್ಟುಹೋಗುವ ಷರತ್ತನ್ನು ಓದಲಿ. ಸಹಿ ಇರುವ ವಲಯವನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಒಯ್ಯುವಾಗ ಇಬ್ಬರೂ ಕೈಜೋಡಿಸಬೇಕಾಗುತ್ತದೆ. ಹೊಸಬರ ಕೀಲಿಯನ್ನು ಹಳಬರು ತಮ್ಮ ವಲಯದಲ್ಲಿ ಮುಂಚಿತವಾಗಿ ಪ್ರಕಟಿಸಬೇಕು, ಎಲ್ಲ ಟಾಪ್ ಲೆವೆಲ್ ಡೊಮೇನ್‌ಗಳ ಪಟ್ಟಿಯಾದ ರೂಟ್ ವಲಯದಲ್ಲಿ ಹೊಸ ಕೀಲಿಯನ್ನು ಗುರುತಿಸುವ ಡಿಎಸ್ ದಾಖಲೆ ಸೇರಬೇಕು, ಹಳೆಯದರ ಅವಧಿ ರಿಸಾಲ್ವರ್‌ಗಳ ಎಲ್ಲ ಕ್ಯಾಶ್‌ಗಳಲ್ಲೂ (ಅವು ನೆನಪಿಟ್ಟುಕೊಂಡ ಪ್ರತಿಗಳಲ್ಲೂ) ಮುಗಿಯುವವರೆಗೆ ಕಾಯಬೇಕು. ಗ್ರಾಹಕ ಕೈಬಿಟ್ಟುಹೋಗುತ್ತಿರುವಾಗ ಹಳೆಯ ಕಂಪನಿಗೆ ಇದರಲ್ಲಿ ಯಾವ ಲಾಭವೂ ಇರುವುದಿಲ್ಲ. ಅದಕ್ಕೇ ಈ ಹಂತಗಳನ್ನೂ, ಪ್ರತಿಯೊಂದರ ಗಡುವನ್ನೂ, ತಗಲುವ ಶುಲ್ಕವನ್ನೂ ಸಹಿ ಹಾಕುವ ಮೊದಲೇ ಒಪ್ಪಂದದಲ್ಲಿ ಬರೆಸಿಕೊಳ್ಳಿ.