ಕೆರೆಯ ಆಮ್ಲಜನಕ ಮಾಪಕ: ಪೊರೆಗೆ ಹತ್ತುತ್ತಿದ್ದ ಲೋಳೆಯ ಸಮಸ್ಯೆ ಕೊನೆಗೂ ಬಗೆಹರಿಯಿತು

ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಅಳೆಯಲು ನಮ್ಮ ಕೆರೆಯಲ್ಲಿ ಬಿಟ್ಟಿರುವ ತೇಲುಪೆಟ್ಟಿಗೆಯಿಂದ ರಾತ್ರಿ ಹೊತ್ತು ಬರುವ ಅಂಕಿಗಳನ್ನು ಈಗ ನಂಬಬಹುದು. ಕಳೆದ ಮಳೆಗಾಲದಿಂದ ತಲೆ ತಿನ್ನುತ್ತಿದ್ದ ಸಮಸ್ಯೆ ಈ ವಾರ ಬಗೆಹರಿದಿದೆ. ಬ್ಯಾಟರಿ, ಸೌರಫಲಕ, ಲೋರಾ ಎಂಬ ದೂರಗಾಮಿ ರೇಡಿಯೋ ಸಂಪರ್ಕ, ಪಿವಿಸಿ ಕೊಳವೆಗೆ ಎಪಾಕ್ಸಿ ಹಾಕುವ ಕ್ರಮ ಇವೆಲ್ಲ ಈ ಕೆಲಸದಲ್ಲಿ ತೊಡಗಿದವರಿಗೆ ಗೊತ್ತಿರುವುದೇ ಆದ್ದರಿಂದ ಅವನ್ನು ಬಿಟ್ಟು, ನೀರಿಗಿಳಿಸುವ ಅಳತೆಕಡ್ಡಿಯಾದ ಪ್ರೋಬಿನ ಪೊರೆಯ ವಿಷಯವನ್ನಷ್ಟೇ ಬರೆಯುತ್ತೇನೆ.

ಈ ಅಂಕಿ ಏಕೆ ಬೇಕಾಗಿತ್ತು ಎಂಬುದನ್ನು ಮೊದಲು ಹೇಳಬೇಕು. ನಮ್ಮ ಕೆರೆ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಮೇಲ್ಭಾಗದಲ್ಲಿದೆ. ಇಲ್ಲಿ ಕೋಡಿ ಬಿದ್ದ ನೀರು ರಾಜಕಾಲುವೆ ಹಿಡಿದು ಬೆಳ್ಳಂದೂರು, ವರ್ತೂರು ಕೆರೆಗಳನ್ನು ದಾಟಿ ದಕ್ಷಿಣ ಪಿನಾಕಿನಿಯನ್ನು ಸೇರಿ ತಮಿಳುನಾಡಿಗೆ ಹರಿಯುತ್ತದೆ. 2015ರಲ್ಲಿ ಬೆಳ್ಳಂದೂರಿನ ನೊರೆ ರಸ್ತೆಗೆ ಹಾರಿದಾಗ, 2017ರ ಫೆಬ್ರುವರಿಯಲ್ಲಿ ಅದೇ ಕೆರೆ ಹೊತ್ತಿ ಉರಿದಾಗ, 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದಾಗ ಇಡೀ ದೇಶವೇ ತಿರುಗಿ ನೋಡಿತು. ಆದರೆ ನೊರೆಯೂ ಇಲ್ಲದ, ಬೆಂಕಿಯೂ ಬೀಳದ ನೂರಾರು ಕೆರೆಗಳಲ್ಲಿ ಪ್ರತಿ ರಾತ್ರಿ ಏನು ನಡೆಯುತ್ತದೆ ಎಂಬುದನ್ನು ನೋಡುವವರು ಕಡಿಮೆ. ಊರಿಗೆ ಪೂರೈಕೆಯಾಗುವ ನೀರಿನ ಸುಮಾರು ಶೇ. 80ರಷ್ಟು ಮತ್ತೆ ಕೊಳಚೆಯಾಗಿ ಹೊರಬರುತ್ತದೆ ಎಂಬುದು ಒಳಚರಂಡಿ ಯೋಜನೆ ಮಾಡುವವರು ಹಿಡಿಯುವ ಲೆಕ್ಕ. ಅದರಲ್ಲಿ ಕೆರೆಯ ಪಾಲಿಗೆ ಬಂದದ್ದು ಸಾರಜನಕವನ್ನೂ ರಂಜಕವನ್ನೂ ತಂದು ಸುರಿಯುತ್ತದೆ. ಅದನ್ನುಂಡ ಪಾಚಿ ನೀರನ್ನೆಲ್ಲ ಹಸಿರಾಗಿಸುತ್ತದೆ. ಹಗಲಿನಲ್ಲಿ ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿಯಾದ ಮೇಲೆ ಅದೇ ಪಾಚಿಯೂ, ಕೊಳಚೆಯನ್ನು ಕೊಳೆಸುವ ಬ್ಯಾಕ್ಟೀರಿಯಾಗಳೂ, ತಳದ ಹೂಳೂ ಸೇರಿ ಇದ್ದಬದ್ದ ಆಮ್ಲಜನಕವನ್ನೆಲ್ಲ ಹೀರುತ್ತವೆ.

ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಿ, 25 ಡಿಗ್ರಿ ಉಷ್ಣಾಂಶದ ನೀರು ಗಾಳಿಯಿಂದ ಪಡೆದು ಹಿಡಿದಿಟ್ಟುಕೊಳ್ಳಬಲ್ಲ ಆಮ್ಲಜನಕ ಲೀಟರಿಗೆ ಹೆಚ್ಚೆಂದರೆ 7.4 ಮಿಲಿಗ್ರಾಂ. ಮಧ್ಯಾಹ್ನ ತುಂಬಿದ ಬಾಟಲಿಯಲ್ಲಿ ಅದಕ್ಕಿಂತ ಹೆಚ್ಚು ಸಿಕ್ಕಿದರೆ ಅದು ಕೆರೆಯ ಆರೋಗ್ಯದ ಗುರುತಲ್ಲ, ಪಾಚಿ ಮಿತಿಮೀರಿರುವುದರ ಗುರುತು. ಮೀನುಗಾರಿಕೆಗೆ ತಕ್ಕ ನೀರಿನಲ್ಲಿ ಕನಿಷ್ಠ 4 ಮಿಲಿಗ್ರಾಂ ಇರಬೇಕು ಎಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣ ಹೇಳುತ್ತದೆ. ಹಗಲು ಹೊತ್ತಿನಲ್ಲಿ ಬಂದು ನೀರು ತುಂಬಿಕೊಂಡು ಹೋದರೆ ಇಂಥ ಕೆರೆ ಆ ಪರೀಕ್ಷೆಯಲ್ಲಿ ಸಲೀಸಾಗಿ ತೇರ್ಗಡೆಯಾಗಿಬಿಡುತ್ತದೆ. ಸತ್ಯ ಗೊತ್ತಾಗುವುದು ಬೆಳಗಿನ ಜಾವದಲ್ಲಿ.

ಇನ್ನು ಸಮಸ್ಯೆಗೆ ಬರುತ್ತೇನೆ. ಬಳಸಿದ್ದು ಹವ್ಯಾಸಿಗಳ ಕೈಗೆ ಎಟಕುವ, ಆಮ್ಲಜನಕ ಒಳಬಂದಷ್ಟೂ ತಾನೇ ವಿದ್ಯುತ್ ಹುಟ್ಟಿಸುವ ಗ್ಯಾಲ್ವಾನಿಕ್ ಪ್ರೋಬ್: ಸೀಸದ ಆನೋಡ್, ಬೆಳ್ಳಿಯ ಕ್ಯಾಥೋಡ್, ಒಳಗೆ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ, ತುದಿಯಲ್ಲಿ ಆಮ್ಲಜನಕವನ್ನು ಒಳಬಿಡುವ ಟೆಫ್ಲಾನ್ ಪೊರೆ. ನೀರಿಗಿಳಿಸಿದ ಮೊದಲ ಕೆಲವು ದಿನ ರೇಖೆ ನಿರೀಕ್ಷೆಯಂತೆಯೇ ಹಗಲು ಏರಿ ರಾತ್ರಿ ಇಳಿಯಿತು. ಆಮೇಲೆ ಆ ಏರಿಳಿತ ದಿನದಿಂದ ದಿನಕ್ಕೆ ಹಿಗ್ಗತೊಡಗಿತು. ಹಗಲಿನ ತುದಿ ಮೇಲಕ್ಕೆ ಹೋಯಿತು, ರಾತ್ರಿಯ ತಳ ಸೊನ್ನೆಗೆ ಅಂಟಿಕೊಂಡಿತು. ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತಿದೆಯೇ, ಆಂಪ್ಲಿಫೈಯರ್ ತಂಪಿಗೆ ಅಳತೆ ತಪ್ಪುತ್ತಿದೆಯೇ ಎಂದು ಒಣಮೇಜಿನ ಮೇಲೆ ಪರೀಕ್ಷಿಸಿ, ಎರಡೂ ಅಲ್ಲವೆಂದು ಖಚಿತವಾದ ಮೇಲೆ ಉಳಿದದ್ದು ಎರಡೇ ಸಾಧ್ಯತೆ: ಕೆರೆಯೇ ಅಷ್ಟು ಬೇಗ ಕೆಡುತ್ತಿರಬೇಕು, ಇಲ್ಲವೇ ಪೊರೆಯ ಮುಂದೆ ಬೇರೇನೋ ನಡೆಯುತ್ತಿರಬೇಕು.

ಇದನ್ನು ತೀರ್ಮಾನಿಸಲು, ನೀರಿನ ಆಮ್ಲಜನಕವನ್ನು ರಾಸಾಯನಿಕಗಳಿಂದ ಅಳೆಯುವ ವಿಂಕ್ಲರ್ ವಿಧಾನಕ್ಕಿಂತ ಪ್ರಾಮಾಣಿಕ ಸಾಕ್ಷಿ ಇನ್ನೊಂದಿಲ್ಲ. 1888ರಷ್ಟು ಹಳೆಯದಾದರೂ ಅದಕ್ಕೆ ವಿದ್ಯುತ್ತೂ ಬೇಡ, ಪೊರೆಯೂ ಬೇಡ. ಸೂರ್ಯೋದಯಕ್ಕೆ ಮುನ್ನ ಪೆಟ್ಟಿಗೆಯ ಪಕ್ಕದಲ್ಲೇ ಗುಳ್ಳೆ ಸೇರದಂತೆ ಬಾಟಲಿ ತುಂಬಿ, ಮ್ಯಾಂಗನೀಸ್ ಸಲ್ಫೇಟನ್ನೂ, ಅಜೈಡ್ ಬೆರೆಸಿದ ಕ್ಷಾರೀಯ ಅಯೋಡೈಡನ್ನೂ ಹಾಕಿದಾಗ, ಆಮ್ಲಜನಕ ಪೂರ್ತಿ ಇಲ್ಲದಿದ್ದರೆ ಕೆಳಗಿಳಿಯುವ ಗಸಿ ಅಚ್ಚ ಬಿಳಿಯಾಗಿರುತ್ತದೆ, ಇದ್ದರೆ ಕಂದುಬಣ್ಣಕ್ಕೆ ತಿರುಗುತ್ತದೆ. ನಮ್ಮ ಬಾಟಲಿಯಲ್ಲಿ ಮೊದಲು ಬಿಳಿಯ ಮೋಡ ಎದ್ದು, ಎರಡು ಸಲ ಮಗುಚಿದ ಮೇಲೆ ತೆಳುವಾದ ಕಂದು ಛಾಯೆ ಕಾಣಿಸಿಕೊಂಡಿತು. ಥಯೋಸಲ್ಫೇಟ್ ಹನಿಹನಿಯಾಗಿ ಬಿಟ್ಟು ಅಳೆದಾಗ ಲೀಟರಿಗೆ ಸುಮಾರು ಒಂದೂವರೆ ಮಿಲಿಗ್ರಾಂ ಸಿಕ್ಕಿತು. ಅದೇ ಹೊತ್ತಿನಲ್ಲಿ ಪ್ರೋಬ್ ಸೊನ್ನೆ ತೋರಿಸುತ್ತಿತ್ತು.

ಪ್ರೋಬನ್ನು ಮೇಲೆತ್ತಿ ಮುಟ್ಟಿದರೆ ಪೊರೆಯ ತುಂಬ ಲೋಳೆಸರದ ತಿರುಳಿನಷ್ಟು ಜಾರುವ ತೆಳುಹಸಿರು ಪದರ. ಮೆತ್ತನೆಯ ಬಟ್ಟೆಯಿಂದ ಒರೆಸಿ ಮತ್ತೆ ಇಳಿಸಿದೊಡನೆ ಅಂಕಿ ವಿಂಕ್ಲರ್ ಫಲಿತಾಂಶಕ್ಕೆ ಬಂದು ಕೂತಿತು. ಪೊರೆಯ ಮೇಲಿನ ಪಾಚಿ ಹಗಲಿನಲ್ಲಿ ಪೊರೆಗೇ ನೇರವಾಗಿ ಆಮ್ಲಜನಕ ಬಿಡುತ್ತಿತ್ತು, ರಾತ್ರಿ ಕೆರೆಯ ಆಮ್ಲಜನಕ ಪೊರೆಯನ್ನು ತಲುಪುವ ಮೊದಲೇ ಅದನ್ನು ತಾನು ಮುಗಿಸುತ್ತಿತ್ತು. ಅಷ್ಟು ವಾರಗಳ ರೇಖೆ ಕೆರೆಯದಾಗಿರಲಿಲ್ಲ, ಅರ್ಧ ಮಿಲಿಮೀಟರ್ ದಪ್ಪವೂ ಇಲ್ಲದ ಆ ಪದರದ್ದಾಗಿತ್ತು. ಶುದ್ಧ ನೀರಿನಲ್ಲಿ ತಿಂಗಳುಗಟ್ಟಲೆ ನಡೆಯುವ ಪ್ರೋಬ್ ಇಲ್ಲಿ ಒಂದು ವಾರವೂ ಬಾಳದಿರುವುದಕ್ಕೆ ಈ ನೀರಿನಲ್ಲಿರುವ ಗೊಬ್ಬರವೇ ಕಾರಣ.

ಪರಿಹಾರವಾಗಿ ಮೊದಲು ಕಪ್ಪು ಪಿವಿಸಿ ಮುಸುಕು ಹಾಕಿದೆ. ಬೆಳಕು ತಪ್ಪಿದ್ದರಿಂದ ಪಾಚಿ ನಿಂತಿತು, ಆದರೆ ಬ್ಯಾಕ್ಟೀರಿಯಾದ ಬೂದುಬಣ್ಣದ ಲೋಳೆ ಬಂದು ಕೂತಿತು. ತಾಮ್ರದ ಜಾಲರಿ ಸುತ್ತಿದೆ. ಹಡಗಿನ ತಳಕ್ಕೆ ತಾಮ್ರ ಹೊಡೆಯುವ ಹಳೆಯ ಉಪಾಯವೇ ಇದು. ಆದರೆ ಈ ನೀರಿನಲ್ಲಿರುವ ಹೈಡ್ರೋಜನ್ ಸಲ್ಫೈಡ್‌ನಿಂದ ಜಾಲರಿ ಕಪ್ಪಗಾಗಿ ತನ್ನ ಗುಣ ಕಳೆದುಕೊಂಡಿತು. ಅಲ್ಲದೆ, ಈಗಾಗಲೇ ನೊಂದಿರುವ ನೀರಿಗೆ ತಾಮ್ರದ ವಿಷವನ್ನು ನಾನೇ ಸೇರಿಸುವುದು ಎಷ್ಟೇ ಅಲ್ಪ ಪ್ರಮಾಣದಲ್ಲಾದರೂ ನನಗೆ ಒಪ್ಪಿಗೆಯಾಗಲಿಲ್ಲ. ಸಣ್ಣ ಸರ್ವೋ ಮೋಟಾರಿನ ಒರೆಸುಕಡ್ಡಿಯ ಗತಿಯೂ ಕೆಟ್ಟಿತು. ಅಂತರಗಂಗೆಯ ಬೇರು ಅದಕ್ಕೆ ಸುತ್ತಿಕೊಂಡು ಗೇರ್ ಮುರಿಯಿತು.

ಈ ನಡುವೆ ಸಾಮಗ್ರಿ ಒದಗಿಸುವವರ ಬಗ್ಗೆಯೂ ಹೇಳಲೇಬೇಕು. ಸೊನ್ನೆ ಅಂಕಿಯ ಹೊಂದಾಣಿಕೆಗೆಂದು ಅಂತರಜಾಲದ ಮಳಿಗೆಯೊಂದರಿಂದ ತರಿಸಿದ, ನೀರಿನ ಆಮ್ಲಜನಕವನ್ನೆಲ್ಲ ಹೀರಬೇಕಾದ ಸೋಡಿಯಂ ಸಲ್ಫೈಟ್ ಎಷ್ಟು ಬೆರೆಸಿದರೂ ಪ್ರೋಬನ್ನು ಸೊನ್ನೆಗೆ ಇಳಿಸಲಿಲ್ಲ. ಸಡಿಲ ಮುಚ್ಚಳದ ಡಬ್ಬಿಯಲ್ಲಿ ಗಾಳಿಯಾಡಿ ಅದು ಆಗಲೇ ಬಹುಮಟ್ಟಿಗೆ ಸಲ್ಫೇಟ್ ಆಗಿತ್ತು. ಪೊರೆಯ ಬದಲಿ ಮುಚ್ಚಳಗಳ ಕಥೆ ಇನ್ನೂ ಬೇಸರದ್ದು. ಒಂದೇ ಪೊಟ್ಟಣದೊಳಗೆ ಎರಡು ಬಗೆಯ ದಪ್ಪದ ಪೊರೆಗಳಿದ್ದವು, ಕೇಳಿದರೆ ಉತ್ತರವಿಲ್ಲ. ಸಲ್ಫೈಟ್ ಕೊಳ್ಳುವವರು ಮೊಹರು ಮಾಡಿದ ಸಣ್ಣ ಸೀಸೆಯನ್ನೇ ಕೇಳಿ ಪಡೆಯಬೇಕು, ತೆರೆದ ದಿನಾಂಕವನ್ನು ಅದರ ಮೇಲೆ ಬರೆದಿಡಬೇಕು.

ಕೊನೆಗೆ ದಾರಿ ಸಿಕ್ಕಿದ್ದು ಪ್ರೋಬನ್ನು ಕೆರೆಯಿಂದಲೇ ಹೊರತೆಗೆದಾಗ. ಈಗ ಅದು ಪೆಟ್ಟಿಗೆಯೊಳಗಿನ ಮುಚ್ಚಿದ ಕೋಣೆಯೊಂದರಲ್ಲಿ ತೇವದ ಗಾಳಿಯಲ್ಲಿರುತ್ತದೆ. ಗಂಟೆಗೊಮ್ಮೆ ಸಣ್ಣ ಪಂಪು ಅರ್ಧ ಮೀಟರ್ ಆಳದಿಂದ ನೀರೆಳೆದು ಆ ಕೋಣೆಯ ಮೂಲಕ ಕೆಲವು ನಿಮಿಷ ಹರಿಸುತ್ತದೆ, ಅಂಕಿ ದಾಖಲಾದ ಮೇಲೆ ಗಾಳಿ ಪಂಪು ನೀರನ್ನು ಹೊರದೂಡುತ್ತದೆ. ಗ್ಯಾಲ್ವಾನಿಕ್ ಪ್ರೋಬ್ ತಾನೇ ಆಮ್ಲಜನಕವನ್ನು ಬಳಸುವುದರಿಂದ ಅದರ ಮುಂದೆ ನೀರು ಹರಿಯುತ್ತಲೇ ಇರಬೇಕೆಂಬ ಅಗತ್ಯವೂ ಇದರಿಂದ ತಾನಾಗಿಯೇ ಪೂರೈಸುತ್ತದೆ. ಇದಕ್ಕಿಂತ ದೊಡ್ಡ ಲಾಭವೆಂದರೆ, ತೇವದ ಗಾಳಿಯಲ್ಲಿ ಪ್ರೋಬ್ ಯಾವ ಅಂಕಿ ತೋರಿಸಬೇಕೆಂಬುದು ಉಷ್ಣಾಂಶ ಮತ್ತು ವಾಯುಭಾರದಿಂದ ಮೊದಲೇ ಗೊತ್ತಿರುವುದರಿಂದ, ಪ್ರತಿ ಗಂಟೆಯೂ ಹೊಂದಾಣಿಕೆಯ ಪರೀಕ್ಷೆಯೊಂದು ಪುಕ್ಕಟೆಯಾಗಿ ಸಿಗುತ್ತದೆ. ಗಾಳಿಯ ಅಂಕಿ ಇಳಿಯತೊಡಗಿದರೆ ಪೊರೆಗೆ ಲೋಳೆ ಹತ್ತುತ್ತಿದೆ ಎಂದರ್ಥ, ಆಗ ಹೋಗಿ ಒರೆಸಿದರಾಯಿತು. ಬೆಳಗಿನ ಜಾವದ ವಿಂಕ್ಲರ್ ಬಾಟಲಿಗಳೊಂದಿಗೆ ಈ ಹೊಸ ರೇಖೆ ಹೊಂದುತ್ತಿದೆ.

ಹೊಂದಿದ ರೇಖೆ ತೋರಿಸುತ್ತಿರುವುದನ್ನು ನೋಡಿ ಮನಸ್ಸಿಗೆ ನೋವಾಗುತ್ತದೆ. ಸೂರ್ಯ ಮುಳುಗಿದ ಮೇಲೆ ಇಳಿಯಲು ತೊಡಗಿದ ಆಮ್ಲಜನಕ ಮಧ್ಯರಾತ್ರಿಗೆ ಮೊದಲೇ 4ರ ಗೆರೆಯನ್ನು ದಾಟಿ, ಸೂರ್ಯೋದಯದ ಹೊತ್ತಿಗೆ 2ಕ್ಕಿಂತ ಕೆಳಗಿರುತ್ತದೆ. ಎರಡು ದಿನ ಮೋಡ ಕವಿದರೆ 1ಕ್ಕೂ ಕೆಳಗಿಳಿಯುತ್ತದೆ. ಮೊದಲ ಮುಂಗಾರು ಮಳೆ ಚರಂಡಿಯ ಹೂಳನ್ನೆಲ್ಲ ಕೆರೆಗೆ ತಂದು ಸುರಿಯುವ ರಾತ್ರಿ ಉಳಿದದ್ದೂ ಹೋಗುತ್ತದೆ. ಮರುದಿನ ಬೆಳಿಗ್ಗೆ ಮೀನು ತೇಲಿದಾಗ ಯಾರೋ ವಿಷ ಹಾಕಿದರೆಂಬ ಮಾತು ಪ್ರತಿ ಸಲವೂ ಏಳುತ್ತದೆ. ಅಷ್ಟು ಕಡಿಮೆ ಆಮ್ಲಜನಕದಲ್ಲಿ ಕಾಟ್ಲಾ, ರೋಹು ಬದುಕಲಾರವು, ಗಾಳಿಯನ್ನೇ ಉಸಿರಾಡಬಲ್ಲ ಆಫ್ರಿಕನ್ ಕ್ಯಾಟ್‌ಫಿಷ್ ಬದುಕುತ್ತದೆ. ಈ ದೇಶದಲ್ಲಿ ಸಾಕಣೆಗೆ ನಿಷೇಧವಿರುವ ಮೀನಿಗೆ ಕೆರೆಯನ್ನು ಬಿಟ್ಟುಕೊಡುತ್ತಿರುವುದು ನಮ್ಮ ಕೊಳಚೆಯೇ.

ಶುದ್ಧೀಕರಣ ಘಟಕ ಕಟ್ಟಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಯನ್ನೂ ಈ ಸಂದರ್ಭದಲ್ಲಿ ಪರೀಕ್ಷಿಸಬೇಕು. ಎರಡನೆಯ ಹಂತದವರೆಗೆ, ಅಂದರೆ ಕೊಳೆಯನ್ನು ಬ್ಯಾಕ್ಟೀರಿಯಾಗಳಿಂದ ಕರಗಿಸುವವರೆಗೆ ಮಾತ್ರ ಶುದ್ಧೀಕರಿಸಿದ ನೀರು ಕಣ್ಣಿಗೆ ತಿಳಿಯಾಗಿದ್ದರೂ, ರಂಜಕವನ್ನು ಪ್ರತ್ಯೇಕವಾಗಿ ತೆಗೆಯದಿದ್ದರೆ ಪಾಚಿಗೆ ಬೇಕಾದ ಆಹಾರ ಅದರಲ್ಲಿ ಉಳಿದೇ ಇರುತ್ತದೆ. ಜಕ್ಕೂರು ಕೆರೆಯಲ್ಲಿ ಘಟಕದ ನೀರು, ಆ ಆಹಾರವನ್ನು ಹೀರಿಕೊಳ್ಳುವ ಜೊಂಡು ಬೆಳೆದ ಜೌಗನ್ನು ದಾಟಿಯೇ ಕೆರೆಗಿಳಿಯುವಂತೆ ಮಾಡಿರುವುದು ಈ ಕಾರಣಕ್ಕೇ. ನಮ್ಮ ಕೆರೆಯಲ್ಲಿ ಅಂಥ ಜೊಂಡಿನ ಅಂಚಿತ್ತು. ಅಭಿವೃದ್ಧಿಯ ಹೆಸರಿನಲ್ಲಿ ಅದನ್ನು ಅಗೆದು, ನಡೆಯುವ ಹಾದಿಗಾಗಿ ಸುತ್ತ ಕಡಿದಾದ ಏರಿ ಕಟ್ಟಲಾಯಿತು.

ಕೆರೆಯ ತಳದಲ್ಲೂ ಒಂದು ಪ್ರೋಬ್ ಇಡುವ ಕೆಲಸವನ್ನು ಸದ್ಯಕ್ಕೆ ಕೈಬಿಟ್ಟಿದ್ದೇನೆ. ಅಲ್ಲಿನ ಹೈಡ್ರೋಜನ್ ಸಲ್ಫೈಡ್ ಪೊರೆಯೊಳಗೂ ನುಗ್ಗಿ ಬೆಳ್ಳಿಯನ್ನೇ ಕಪ್ಪಾಗಿಸುತ್ತದೆ, ಒರೆಸಿ ಸರಿಪಡಿಸುವ ಮಾತಿಲ್ಲ. ಅದಕ್ಕೆ ಬೆಳಕಿನಿಂದ ಅಳೆಯುವ ಆಪ್ಟಿಕಲ್ ಪ್ರೋಬೇ ಬೇಕು, ಹಣ ಕೂಡಿದಾಗ ನೋಡಬೇಕು. ಅದಕ್ಕೂ ಮುಂಚೆ ಮನಸ್ಸು ರಂಜಕದ ಕಡೆಗೆ ಹರಿದಿದೆ. ರಂಜಕವಿದ್ದಷ್ಟೂ ನೀರನ್ನು ನೀಲಿಯಾಗಿಸುವ ಮಾಲಿಬ್ಡಿನಂ ನೀಲಿ ವಿಧಾನದಲ್ಲಿ ಮೂಡುವ ಬಣ್ಣವನ್ನು 880 ನ್ಯಾನೋಮೀಟರಿನಲ್ಲಿ ಅಳೆಯಬೇಕಾಗುತ್ತದೆ, ಆ ತರಂಗಾಂತರದ ಅವರೋಹಿತ (ಇನ್‌ಫ್ರಾರೆಡ್) ಎಲ್‌ಇಡಿಗಳು ಅಗ್ಗವಾಗಿ ಸಿಗುತ್ತವೆ. ಒಂದು ಎಲ್‌ಇಡಿ, ಬೆಳಕನ್ನು ಅಳೆಯುವ ಒಂದು ಫೋಟೋಡಯೋಡ್, ಗಾಜಿನ ಚಿಕ್ಕ ಪಾತ್ರೆ, ಬೆಳಕು ನುಸುಳದ ಕಪ್ಪು ಗೂಡು ಇಷ್ಟಾದರೆ ರಾಜಕಾಲುವೆಯ ಬಾಯಿಯಲ್ಲಿ ಎಷ್ಟು ರಂಜಕ ಬರುತ್ತಿದೆ, ಕೋಡಿಯಲ್ಲಿ ಎಷ್ಟು ಹೊರಹೋಗುತ್ತಿದೆ ಎಂಬ ಜಮಾಖರ್ಚನ್ನು ಬರೆಯಬಹುದು. ಜೊಂಡನ್ನು ಮತ್ತೆ ನೆಡಬೇಕೆಂದು ಕೇಳಲು ಹೊರಟಿರುವ ಕೆರೆ ಬಳಗದವರ ಕೈಗೆ ಆ ಲೆಕ್ಕವನ್ನು ಕೊಡಬೇಕೆಂದಿದ್ದೇನೆ. ಗೂಡಿನ ನಕ್ಷೆ ಸಿದ್ಧವಾಗಿದೆ, ಅಮೋನಿಯಂ ಮಾಲಿಬ್ಡೇಟ್‌ಗೆ ಬೇಡಿಕೆ ಕಳುಹಿಸಿದ್ದೇನೆ, ಈ ಸಲ ಮೊಹರು ಮಾಡಿದ ಸೀಸೆಯಲ್ಲೇ ಬೇಕೆಂದು ಬರೆದು.